ಬಿಡ್ತು ಅನ್ನುವ ಬಟನ್ನು

ಮೋಹನದಾಸ ಶೆಟ್ಟಿಗಾರರು ಕಂಪ್ಯೂಟರ್ ಕಂಪೆನಿಯಲ್ಲಿದ್ದಾರೆ ಎಂಬುದು ಡೊಂಬಿವಲಿಯ ಗಿರಿಜಾಕೃಪಾ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಏನು ಮಾಡುತ್ತಾರೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ಅವರೂ ನೋಡಿಕೊಂಡಿದ್ದರು. ನವಿ ಮುಂಬಯಿಯ ಮಹಾಪೆಯಲ್ಲಿದ್ದ ಆ ಆಫೀಸಿನಲ್ಲಿ ಏಸಿ ಕೆಟ್ಟರೆ ಮೆಕ್ಯಾನಿಕನನ್ನು ಕರೆಸುವುದು, ಕುರ್ಚಿಯ ಚಕ್ರ ಕಳಚಿದರೆ ಹಾಕಿಸುವುದು, ಚಹಾ ಯಂತ್ರಕ್ಕೆ ಹಾಲಿನ ಪುಡಿ ತರಿಸುವುದು ಅವರ ಕೆಲಸ. ಇದಕ್ಕೆ ಅಡ್ಮಿನ್ ಎಂದು ಹೆಸರು. ಅಡ್ಮಿನ್ ಎಂಬ ಶಬ್ದಕ್ಕೆ ಒಂದು ತೂಕವಿದೆ. ಅದನ್ನು ಬಿಡಿಸಿ ನೋಡುವ ದುರ್ಬುದ್ಧಿ ಅಕ್ಕಪಕ್ಕದವರಿಗೆ ಬಂದಿರಲಿಲ್ಲ.

ಎರಡು ಸಾವಿರದ ಹದಿನಾಲ್ಕನೆಯ ಇಸವಿಯ ಜನವರಿಯಲ್ಲಿ ಕಟ್ಟಡದ ಸತ್ಯನಾರಾಯಣ ಪೂಜೆ ನಡೆಯುವವರೆಗೆ ಎಲ್ಲ ಸರಿಯಾಗಿಯೇ ಇತ್ತು. ಪ್ರಸಾದ ಹಂಚುವ ಹೊತ್ತಿಗೆ ಎದುರು ಮನೆಯ ಯಜ್ಞೇಶ್ವರ ಹೊಳ್ಳರು ಎಲ್ಲರಿಗೂ ಕೇಳಿಸುವ ಹಾಗೆ, "ಮಾರ್ಚಿಗೆ ನಿಮ್ಮದೂ ರಿಟೈರ್‌ಮೆಂಟ್ ಅಲ್ವಾ ಶೆಟ್ಟಿಗಾರ್ರೆ? ಆಮೇಲೆ ಕೊತ್ತಂಬರಿ ಸೊಪ್ಪಿಗೆ ನಾವಿಬ್ರೂ ಒಟ್ಟಿಗೇ ಹೋಗುವ" ಎಂದರು. ಹೊಳ್ಳರು ಬ್ಯಾಂಕಿನಿಂದ ನಿವೃತ್ತರಾದವರು. ಒಂದು ಕಾಲಕ್ಕೆ ಅವರ ಸಹಿಗಾಗಿ ಜನ ಸಾಲು ನಿಲ್ಲುತ್ತಿದ್ದರು. ಈಗ ಹೆಂಡತಿ ಸುಗುಣಮ್ಮ ಅವರನ್ನು ಬೆಳಿಗ್ಗೆ ಕೊತ್ತಂಬರಿಗೆ, ಕೊತ್ತಂಬರಿ ತಂದ ಮೇಲೆ ಶುಂಠಿಗೆ, ಶುಂಠಿ ತಂದ ಮೇಲೆ ಕರಿಬೇವಿಗೆ ಕಳಿಸುತ್ತಿದ್ದರು. ಮೋಹನದಾಸರಿಗೆ ತಮ್ಮ ಮುಂದಿನ ಆಯುಷ್ಯವೆಲ್ಲ ಹೊಳ್ಳರ ಕೈಚೀಲದೊಳಗೆ ಕಾಣಿಸಿತು.

"ನಂದೆಲ್ಲಿ ರಿಟೈರ್‌ಮೆಂಟ್ ಮಾರಾಯ್ರೆ! ಕಂಪೆನಿಯವರು ಬಿಡ್ಲಿಕ್ಕೆ ತಯಾರಿಲ್ಲ. ಎರಡು ವರ್ಷ ಎಕ್ಸ್‌ಟೆನ್ಷನ್ ಆಗಿಯೇ ಆಯ್ತು. ರಿಸ್ಕ್ ಡಿಪಾರ್ಟ್‌ಮೆಂಟ್ ಪೂರಾ ನನ್ನ ಮೇಲೇ ಉಂಟು" ಎಂದುಬಿಟ್ಟರು.

ಕಟ್ಟಡದ ಸೊಸೈಟಿಯ ಛೇರ್ಮನ್ ಜೋಗಳೇಕರ್ ಕಾಕಾ ಎದ್ದು ಬಂದು ಕೈ ಕುಲುಕಿದರು. ಹೆಂಡತಿ ರತ್ನಾವತಿ, ತನಗೇ ಹೇಳಲಿಲ್ಲವಲ್ಲ ಎಂದು ಒಮ್ಮೆ ದುರುಗುಟ್ಟಿ ನೋಡಿ, ಆಮೇಲೆ ಸಂತೋಷ ತಡೆಯದೆ ದೇವರಿಗೆ ಇನ್ನೊಂದು ತೆಂಗಿನಕಾಯಿ ಒಡೆಸಿದರು. ಮಾತು ದೇವರವರೆಗೆ ಹೋದ ಮೇಲೆ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಕಷ್ಟ. ಅದನ್ನು ನಿಜ ಮಾಡುವುದೊಂದೇ ಉಳಿದ ದಾರಿ.

ಮೋಹನದಾಸರ ಕಂಪೆನಿ ತಯಾರಿಸುತ್ತಿದ್ದದ್ದು 'ಸಂಭವ' ಎಂಬ ಜಾಲತಾಣವನ್ನು. ಬೇರೆ ಬೇರೆ ಕಡೆ ಕೂತ ಜನ ಒಂದೇ ಪುಟ ತೆರೆದು, ತಮ್ಮ ಕಟ್ಟಡದ್ದೋ ಕಾರ್ಖಾನೆಯದ್ದೋ ನಕ್ಷೆಯನ್ನು ಎಲ್ಲರೂ ಸೇರಿ ಬರೆಯಬೇಕು. ಎಲ್ಲಿ ಏನು ಕೆಡಬಹುದು, ಅದು ಕೆಟ್ಟರೆ ಇನ್ನೇನು ಕೆಡಬಹುದು ಎಂದು ಒಂದೊಂದು ಚೌಕ ಇಟ್ಟು ಬಾಣ ಎಳೆಯಬೇಕು. ಯಾರು ಬೇಕಾದರೂ ಯಾರ ಚೌಕವನ್ನಾದರೂ ತಿದ್ದಬಹುದು, ಸರಿಸಬಹುದು. ಎಲ್ಲರ ಅಭಿಪ್ರಾಯ ಕೂಡಿಸಿ ಕಂಪ್ಯೂಟರು ಅಪಾಯವಿದ್ದಲ್ಲಿ ಕೆಂಪು, ಇಲ್ಲದಲ್ಲಿ ಹಸಿರು ತೋರಿಸುತ್ತದೆ. ಲೆಕ್ಕದಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ಜನರಲ್ಲಿ, ಅವರು ಬರುತ್ತಿದ್ದರು, ನೋಡುತ್ತಿದ್ದರು, ಏನೂ ಬರೆಯದೆ ಹೋಗುತ್ತಿದ್ದರು. ಇದನ್ನು ಹೇಗೆ ಸುಧಾರಿಸುವುದೆಂದು ಮುಖ್ಯಸ್ಥೆ ಸೌಜನ್ಯ ಮೇಡಂ ತಲೆ ಕೆಡಿಸಿಕೊಂಡಿದ್ದರು. ಮೇಡಂ ಪುತ್ತೂರಿನವರು, ವಯಸ್ಸಿನಲ್ಲಿ ಮೋಹನದಾಸರ ಅರ್ಧ, ಕೋಪದಲ್ಲಿ ಎರಡರಷ್ಟು.

"ಠಾಣೆ ಸಿಟಿಯಿಂದ ದಾಮ್ಲೆ ಸಾಹೇಬ್ರು ಬರ್ತಾರೆ. ಹೌಸಿಂಗ್ ಸೊಸೈಟಿಗಳ ಸಂಘದವರು. ಅವರು ತಗೊಂಡ್ರೆ ನಾವು ಬದುಕಿದ ಹಾಗೆ. ಆದ್ರೆ ಅವರಿಗೆ ನಿಜವಾದ ಒಂದು ಬಿಲ್ಡಿಂಗ್, ನಿಜವಾದ ಜನ ತೋರಿಸ್ಬೇಕು. ಎಲ್ಲಿಂದ ತರುವುದು?" ಎಂದು ಮೀಟಿಂಗಿನಲ್ಲಿ ಅವರು ಮೇಜು ಕುಟ್ಟಿದರು.

"ನಮ್ಮ ಬಿಲ್ಡಿಂಗ್ ಉಂಟಲ್ಲ ಮೇಡಂ" ಎಂಬ ಧ್ವನಿ ಚಹಾ ಯಂತ್ರದ ಹತ್ತಿರದಿಂದ ಬಂತು.

ಎಲ್ಲರೂ ತಿರುಗಿ ನೋಡಿದರು. ಮೋಹನದಾಸರು ಹಾಲಿನ ಪುಡಿಯ ಪೊಟ್ಟಣವನ್ನು ಬೆನ್ನ ಹಿಂದೆ ಮರೆಮಾಡಿ, ತಮ್ಮ ಕಟ್ಟಡದಲ್ಲಿ ತಮ್ಮ ಮಾತನ್ನು ಯಾರೂ ಮೀರುವುದಿಲ್ಲವೆಂದೂ, ರಿಟೈರ್‌ಮೆಂಟಿಗೆ ಮೊದಲು ಕಂಪೆನಿಗೆ ಅಷ್ಟಾದರೂ ಮಾಡದಿದ್ದರೆ ಹೇಗೆಂದೂ ಹೇಳಿದರು. ಮೇಡಂ ಸ್ವಲ್ಪ ಯೋಚಿಸಿ, "ಇದು ಸರಿಯಾಗಿ ಆದ್ರೆ ನಿಮ್ಮನ್ನು ಎರಡು ವರ್ಷ ಕೋಆರ್ಡಿನೇಟರ್ ಅಂತ ಇಟ್ಟುಕೊಳ್ತೇನೆ. ಆಗದಿದ್ರೆ ಶಾಲು" ಎಂದರು.

ಮರುಭಾನುವಾರ ಮೋಹನದಾಸರ ಹಾಲ್‌ನಲ್ಲಿ ಸಭೆ ಸೇರಿತು. ಜೋಗಳೇಕರ್ ಕಾಕಾ, ಹೊಳ್ಳ ದಂಪತಿ, ನೆಲ ಅಂತಸ್ತಿನ ಸೈದಪ್ಪ ಮತ್ತು ಶರಣಬಸಮ್ಮ, ಇನ್ನೂ ಕೆಲವರು ಚಾಪೆಯ ಮೇಲೆ ಕೂತರು. ಕಲಬುರಗಿ ಕಡೆಯ ಸೈದಪ್ಪ ಕೂಲಿಯಾಗಿ ಬಂದು ಈಗ ಕಟ್ಟಡ ಕೆಲಸದ ಆಳುಗಳ ಮುಕದ್ದಮನಾಗಿ ಸ್ವಂತ ಫ್ಲಾಟು ಕೊಂಡವನು. ಮೋಹನದಾಸರ ಮಗಳು ದಿಶಾ ಲ್ಯಾಪ್‌ಟಾಪ್ ತೆರೆದು ಸಿದ್ಧವಾದಳು. ಡೊಂಬಿವಲಿಯಲ್ಲೇ ಹುಟ್ಟಿದ ಆಕೆಗೆ ಕನ್ನಡ, ತುಳು ಎಲ್ಲ ತಿಳಿಯುತ್ತದೆ. ಉತ್ತರ ಮಾತ್ರ ಹಿಂದಿಯಲ್ಲಿ.

"ನಿಮ್ಮ ನಿಮ್ಮ ಮನೆಯಲ್ಲಿ ಎಂತೆಂತ ಅನಾಹುತ ಆಗಬಹುದು, ಒಬ್ಬೊಬ್ಬರಾಗಿ ಹೇಳಿ" ಎಂದರು ಮೋಹನದಾಸರು, ಪಾಯಸ ಇನ್ನಷ್ಟು ಬೇಕೇ ಎಂದು ಪಂಕ್ತಿಯಲ್ಲಿ ವಿಚಾರಿಸುವವರ ಧ್ವನಿಯಲ್ಲಿ.

ಚಹಾ ತರುತ್ತಿದ್ದ ರತ್ನಾವತಿ ಬಾಗಿಲಲ್ಲೇ ನಿಂತರು.

"ರಜೆ ದಿನ ಮನೆಗೆ ಕರೆದು ಕೇಳುವ ಮಾತಾ ಇದು?" ಎಂದರು ಸುಗುಣಮ್ಮ.

"ವಾಸ್ತು ತಥಾಸ್ತು ಮ್ಹಣತ ಅಸತೇ, ಶೆಟ್ಟಿಗಾರ್!" ಎಂದು ಜೋಗಳೇಕರ್ ಕಾಕಾ ಕೈಯೆತ್ತಿ ತಡೆದರು. ಮನೆಯೊಳಗೆ ಆಡಿದ ಮಾತಿಗೆ ವಾಸ್ತುದೇವರು ಹಾಗೇ ಆಗಲಿ ಎನ್ನುತ್ತಾನೆಂದು ಅವರ ಕಡೆಯ ನಂಬಿಕೆ. ನಮ್ಮ ಕಡೆ ಅದೇ ಉದ್ಯೋಗಕ್ಕೆ ಅಸ್ತು ದೇವತೆಗಳಿದ್ದಾರೆ. ಗಡಿಯ ಬಗ್ಗೆ ಏನೇ ತಕರಾರಿದ್ದರೂ ಈ ವಿಷಯದಲ್ಲಿ ಎರಡು ರಾಜ್ಯಗಳದ್ದೂ ಒಂದೇ ನಿಲುವು.

"ನಾ ಸಣ್ಣಾಂವ ಇದ್ದಾಗಿಂದ ಕಟ್ಟಡದ ಕೆಲಸಾನ ಮಾಡೀನ್ರಿ ಸಾಹೇಬ್ರ" ಎಂದ ಸೈದಪ್ಪ. "ನಂ ಮನ್ಯಾಗ ಏನೂ ಆಗಂಗಿಲ್ಲ. ಬೇಕಾದ್ರ ಮ್ಯಾಲಿನ ಮನಿಯವರದು ಬರಕೋರಿ."

ಸೈದಪ್ಪನ ಮೇಲಿನ ಮನೆ ಜೋಗಳೇಕರ್ ಕಾಕಾ ಅವರದು. ಕಾಕಾ ತಮ್ಮ ಮೇಲಿನ ಮನೆಯನ್ನು ತೋರಿಸಿದರು. ದಾರಿ ಸಿಕ್ಕಿತು. ಚಹಾ ಮುಗಿಯುವುದರೊಳಗೆ ಪರದೆಯ ತುಂಬ ಕೆಂಪು ಚೌಕಗಳು ತುಂಬಿದವು. ಯಾರೂ ತಮ್ಮ ಮನೆಯ ಬಗ್ಗೆ ಚಕಾರವೆತ್ತಲಿಲ್ಲ. ಪಕ್ಕದ ಮನೆಯಲ್ಲಿ ಏನಾಗಬಹುದು ಎಂಬುದು ಮಾತ್ರ ಪ್ರತಿಯೊಬ್ಬರಿಗೂ ಬಾಯಿಪಾಠವಾಗಿತ್ತು. ಹೊಳ್ಳರು ಬಹಳ ಸಂಕೋಚದಿಂದ, "ಇವರ ಗ್ಯಾಸಿನ ಟ್ಯೂಬು ಹಳತಾಗಿದೆ. ಸ್ಫೋಟ ಆದ್ರೂ ಆಯ್ತು" ಎಂದು ಎದುರಿಗೆ ಕೂತ ಮೋಹನದಾಸರ ಹೆಸರಿಗೆ ಬರೆಸಿದರು.

"ಬಿಡ್ತು ಅನ್ನಿ ಹೊಳ್ಳರೇ!" ಎಂದು ರತ್ನಾವತಿ ಕಿರುಚಿದರು. ಹೊಳ್ಳರು ಬಿಡ್ತು ಎಂದರು. ಕಂಪ್ಯೂಟರು ಅನ್ನಲಿಲ್ಲ.

ಮೋಹನದಾಸರಿಗೂ ಹೇಳುವುದಿತ್ತು. ಅವರ ಅಡುಗೆಮನೆಯ ತಾರಸಿ ಹಿಂದಿನ ಮಳೆಗಾಲದಿಂದ ಉಬ್ಬಿ, ಬಿರುಕಿನಲ್ಲಿ ತುಕ್ಕು ಹಿಡಿದ ಕಬ್ಬಿಣ ಕಾಣುತ್ತಿತ್ತು. ಅದರ ನೇರ ಕೆಳಗೆ, ಕಿಟಕಿಯ ಬೆಳಕು ಬೀಳುವ ಜಾಗದಲ್ಲಿ, ರತ್ನಾವತಿ ಮೆಟ್ಟುಕತ್ತಿ ಇಟ್ಟುಕೊಂಡು ತರಕಾರಿ ಹೆಚ್ಚುತ್ತಿದ್ದರು. "ಇದು ಒಂದು ದಿನ ಬೀಳ್ತದೆ" ಎಂದು ಮೋಹನದಾಸರು ಒಮ್ಮೆ ಅಂದಾಗ ರತ್ನಾವತಿ ಗದರಿಸಿ ಬಿಡ್ತು ಅನ್ನಿಸಿದ್ದರು. ಅಂದಿನಿಂದ ಇಬ್ಬರೂ ಮೇಲೆ ನೋಡುವುದನ್ನು ನಿಲ್ಲಿಸಿದ್ದರು. ಸಭೆಯಲ್ಲೂ ಅವರು ಬಾಯಿ ಬಿಡಲಿಲ್ಲ.

ಆ ಸಂಜೆಯೇ ರತ್ನಾವತಿ ಮಗಳ ಬೆನ್ನು ಹತ್ತಿ ಗ್ಯಾಸ್ ಸ್ಫೋಟವನ್ನು ಹೊಳ್ಳರ ಮನೆಗೆ ದಾಟಿಸಿದರು. ಸುಗುಣಮ್ಮನಿಗೆ ಅದು ಹೇಗೋ ತಿಳಿದು ಅವರು ಅದನ್ನು ಕೆಳಗಿನ ಮನೆಗೆ ಇಳಿಸಿದರು. ಕೆಳಗಿನವರು ಅದಕ್ಕೂ ಕೆಳಗೆ ತಳ್ಳಿದರು. ಎಲ್ಲ ಮನೆಗಳನ್ನೂ ಹತ್ತಿ ಇಳಿದು ಬುಧವಾರದ ಹೊತ್ತಿಗೆ ಸ್ಫೋಟ ಸೈದಪ್ಪನ ಮನೆಯಲ್ಲಿತ್ತು. ಶರಣಬಸಮ್ಮ ಅಂಗಳಕ್ಕೆ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನಂ ಮನಿ ಸುಟ್ಟು ಬೂದಿ ಆಗ್ಲಿ ಅಂತ ಕಂಪೂಟರದಾಗ ಬರದಾರಂತ! ಯಾವಾಕಿ ಬರದಾಳ, ಕೆಳಗ ಬಾ! ನಿನ್ನ ಕೈಗೆ ಏನಾಗತೈತಿ ನಾನೂ ಬರೀತೀನಿ!"

ಕಿಟಕಿಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು. ಹೊಳ್ಳರು ಸಂಜೆಯ ವಾಕಿಂಗಿಗೆ ಮೋಹನದಾಸರನ್ನು ಕಾಯುವುದನ್ನು ಬಿಟ್ಟರು. ಜೋಗಳೇಕರ್ ಕಾಕಾ ಲಿಫ್ಟಿನಲ್ಲಿ ಸಿಕ್ಕರೆ ಗೋಡೆ ನೋಡತೊಡಗಿದರು. ಎಕ್ಸ್‌ಟೆನ್ಷನ್ ಸಿಕ್ಕಿದ ಮನುಷ್ಯನಿಗೆ ಸೊಕ್ಕು ಎಂಬ ಅಭಿಪ್ರಾಯ ಕಟ್ಟಡದಲ್ಲಿ ಹಬ್ಬಿತು. ಸಿಗದ ಎಕ್ಸ್‌ಟೆನ್ಷನ್ನಿಗೆ ಬಂದ ಈ ಕೆಟ್ಟ ಹೆಸರನ್ನು ಮೋಹನದಾಸರು ನುಂಗಿಕೊಂಡು ಓಡಾಡಿದರು.

ಆಫೀಸಿನಲ್ಲಿ ಸೌಜನ್ಯ ಮೇಡಂ ಪರದೆಯನ್ನು ಅವರತ್ತ ತಿರುಗಿಸಿದರು. "ಇದೆಂತ ಇದು? ಒಂದೇ ಗ್ಯಾಸ್ ಸ್ಫೋಟ ಎಲ್ಲರ ಮನೆಗೂ ಹೋಗಿ ಬಂದಿದೆ. ಒಬ್ಬರಾದ್ರೂ ಅವರವರ ಮನೆಯದ್ದು ಯಾಕೆ ಬರೆದಿಲ್ಲ?"

"ಹೇಗೆ ಬರೆಯುವುದು ಮೇಡಂ? ಕೆಟ್ಟದ್ದು ಬಾಯಿಗೆ ಬಂದ ಕೂಡ್ಲೇ ಬಿಡ್ತು ಅನ್ನಬೇಕಲ್ಲ. ಇದರಲ್ಲಿ ಅದಕ್ಕೆ ಜಾಗವೇ ಇಲ್ಲ."

ಮೇಡಂ ನಕ್ಕರು. ನಗುತ್ತ ನಗುತ್ತ ಒಮ್ಮೆಲೇ ನಿಲ್ಲಿಸಿದರು. ಪುತ್ತೂರಿನ ಅಜ್ಜಿ ಅವರಿಂದ ಎಷ್ಟು ಸಲ ಬಿಡ್ತು ಅನ್ನಿಸಿದ್ದರೋ. "ಜನ ಬರೆಯದೇ ಇರ್ಲಿಕ್ಕೆ ಇದೇ ಕಾರಣವಾ? ಹಾಗಾದ್ರೆ ಅದಕ್ಕೆ ಒಂದು ಬಟನ್ ಕೊಡುವ. ಬರೆದು, ಒತ್ತಿ, ಸಮಾಧಾನ ಮಾಡಿಕೊಳ್ಳಲಿ" ಎಂದು ಪ್ರೋಗ್ರಾಮರ್ ಕೌಶಲ್‌ನನ್ನು ಕರೆದು, ಇವರ ಹತ್ತಿರ ಕೇಳಿ ಮಾಡು ಎಂದು ಹೇಳಿ, ಫೋನು ಬಂತೆಂದು ಹೊರಗೆ ಹೋದರು.

ಕೌಶಲ್ ಠಾಣೆಯ ವರ್ತಕ ನಗರದಲ್ಲಿ ಬೆಳೆದವನು. ತಂದೆತಾಯಿ ಕಾರ್ಕಳದವರಾದರೂ ಅವನ ಕಿವಿಗೆ ಮಾತ್ರ ಕನ್ನಡ ಗೊತ್ತಿತ್ತು.

"ಅಂಕಲ್, ಬಿಡ್ತು ಬೋಲ್‌ನೇ ಕೇ ಬಾದ್ ರಿಸ್ಕ್ ಕಾ ಕ್ಯಾ ಹೋತಾ ಹೈ?"

"ಎಂತ ಆಗ್ಲಿಕ್ಕುಂಟು? ಹೋಗ್ತದೆ."

"ಪೂರಾ? ಯಾ ಥೋಡಾ ಬಚ್ತಾ ಹೈ?"

ಮೋಹನದಾಸರಿಗೆ ಪ್ರಶ್ನೆಯೇ ಉದ್ಧಟತನವೆನಿಸಿತು. "ಅರ್ಧಂಬರ್ಧ ಹೋಗುವುದಾದ್ರೆ ನಮ್ಮ ಹಿರಿಯರು ಅದನ್ನು ಹೇಳಿಸುತ್ತಿದ್ದರಾ? ಪೂರಾ ಹೋಗ್ತದೆ."

ಕೌಶಲ್ ತಲೆಯಾಡಿಸಿ, ಬಟನ್ ಒತ್ತಿದರೆ ಅಪಾಯ ಸೊನ್ನೆ ಎಂದು ಬರೆದ. ಅಪಾಯದ ಲೆಕ್ಕಾಚಾರದ ಶಾಸ್ತ್ರಕ್ಕೆ ಕರಾವಳಿಯ ಕೊಡುಗೆ ಹೀಗೆ ಸಂದಿತು.

ಅದರ ಮುಂದಿನ ಭಾನುವಾರ ಗಿರಿಜಾಕೃಪಾದ ಜನ ಮೊದಲು ಅನುಮಾನದಿಂದ ಬಂದರು. ಮೋಹನದಾಸರು ಹೊಸ ಬಟನ್ನನ್ನು ವಿವರಿಸಿದರು. ಪ್ರಯೋಗಕ್ಕೆಂದು ಶರಣಬಸಮ್ಮ, ಕಣ್ಣು ಮುಚ್ಚಿ, "ನಂ ಯಜಮಾನ್ರು ಗೋಡಿಗೆ ಕಟ್ಟಿದ ಪರಾಂಚಿ ಮ್ಯಾಲಿಂದ ಬೀಳ್ತಾರ" ಎಂದು ಬರೆಸಿದಳು. ಚೌಕ ಕೆಂಪಾಯಿತು. "ಬಿಡ್ತು" ಎನ್ನುತ್ತ ಬಟನ್ ಒತ್ತಿದಳು. ಟಿಂಗ್ ಎಂಬ ಸದ್ದಿನೊಂದಿಗೆ ಚೌಕ ಹಸಿರಾಯಿತು. ಸೈದಪ್ಪ ತನ್ನ ಕೈಕಾಲು ಮುಟ್ಟಿ ನೋಡಿಕೊಂಡ.

ಆಮೇಲೆ ತಡೆಯುವವರಿರಲಿಲ್ಲ. ವರ್ಷಾನುಗಟ್ಟಲೆ ನಾಲಗೆಯ ತುದಿಯಲ್ಲಿ ತಡೆದಿಟ್ಟದ್ದೆಲ್ಲ ಹೊರಗೆ ಬಂತು. ಕಂಬ ಬಿರಿಯುವುದು, ಟೆರೇಸಿನ ಟ್ಯಾಂಕಿ ಒಡೆಯುವುದು, ಲಿಫ್ಟು ಕಡಿದು ಬೀಳುವುದು, ಮೀಟರ್ ಬೋರ್ಡಿಗೆ ಬೆಂಕಿ ಹತ್ತುವುದು. ಜನ ಸರದಿಯಲ್ಲಿ ನಿಂತು ಬರೆಸಿ ಟಿಂಗ್ ಎನ್ನಿಸಿದರು. ಸುಗುಣಮ್ಮ ತಾವಾಗಿಯೇ ಗ್ಯಾಸ್ ಸ್ಫೋಟವನ್ನು ತಮ್ಮ ಮನೆಗೆ ತರಿಸಿಕೊಂಡು ಬಿಡ್ತು ಅಂದರು. ಅಂಥ ಔದಾರ್ಯವನ್ನು ಕಂಡು ರತ್ನಾವತಿಯ ಕಣ್ಣು ತುಂಬಿತು. ಹೊಳ್ಳರು ಸಂಜೆಯ ವಾಕಿಂಗಿಗೆ ಮತ್ತೆ ಗೇಟಿನ ಹತ್ತಿರ ಕಾದು ನಿಂತರು.

ಎಲ್ಲರೂ ಹೋದ ಮೇಲೆ ರತ್ನಾವತಿ ಮಗಳ ಕಿವಿಯಲ್ಲಿ, "ಅಡುಗೆಮನೆಯದ್ದೂ ಒಂದು ಬರಿ" ಎಂದರು.

"ಮಮ್ಮಿ, ವೋ ಸಚ್ ಮೇಂ ಗಿರ್ ರಹಾ ಹೈ. ರಿಪೇರ್ ಕರವಾವೋ ನಾ!"

"ಹೇಳಿದಷ್ಟು ಮಾಡು."

ಟಿಂಗ್. ಅಡುಗೆಮನೆ ಹಸಿರಾಯಿತು. ಮೋಹನದಾಸರ ಎದೆಯ ಭಾರ ಇಳಿಯಿತು. ತಮ್ಮ ಬಾಯಿಮಾತಿನ ಬಿಡ್ತು ಒಂದು ಲೆಕ್ಕಕ್ಕೆ, ಕಂಪ್ಯೂಟರಿನ ಬಿಡ್ತು ಇನ್ನೊಂದು ಲೆಕ್ಕಕ್ಕೆ ಎಂದು ಅವರಿಗೆ ಅನಿಸಿತ್ತು. ಬಟನ್ನಿಗೆ ಸೊನ್ನೆ ಹಾಕಿಸಿದವರು ತಾವೇ ಎಂಬುದು ಅವರಿಗೆ ಆಗ ಹೊಳೆಯಲಿಲ್ಲ. ಅಧಿಕಾರಿಗಳಿಗೆ ತಮ್ಮ ಆದೇಶ ಕಂಪ್ಯೂಟರಿನಿಂದ ತಿರುಗಿ ಬಂದಾಗ ಗುರುತು ಸಿಗದೆ ಹೋಗುವುದುಂಟು.

ಸುದ್ದಿ ಹರಡಿತು. ಕಾಮೋಠೆಯಲ್ಲಿದ್ದ ರತ್ನಾವತಿಯ ತಂಗಿ ಅಪ್ಪಿ ತನ್ನ ಮೊಣಕಾಲು ನೋವನ್ನೂ ನಕ್ಷೆಗೆ ಸೇರಿಸಿದಳು. ದಿವಾ ಸ್ಟೇಷನ್ ಕಡೆಯ ನೆಂಟರು ಮಗ ಹತ್ತನೆಯಲ್ಲಿ ನಪಾಸಾಗುವುದನ್ನೂ, ಲೋಕಲ್ ಗಾಡಿಯಲ್ಲಿ ಪಾಕೀಟು ಕಳವಾಗುವುದನ್ನೂ, ಸೊಸೆಗೆ ಸಿಟ್ಟು ಬರುವುದನ್ನೂ ಬರೆದು ಬಿಡ್ತು ಅಂದರು. ಗಿರಿಜಾಕೃಪಾದ ನಕ್ಷೆಯಲ್ಲಿ ನೀರಿನ ಟ್ಯಾಂಕಿಯಿಂದ ಅಪ್ಪಿಯ ಮೊಣಕಾಲಿಗೆ ಯಾರೋ ಬಾಣ ಎಳೆದರು. ಜಾಲತಾಣದಲ್ಲಿ ಓಡಾಟ ಹೆಚ್ಚಿದ್ದನ್ನು ಕಂಡು ಸೌಜನ್ಯ ಮೇಡಂ, "ನೀವು ಇಷ್ಟು ಮಾಡ್ತೀರಿ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಎಂದು ಮೋಹನದಾಸರಿಗೆ ಕುರ್ಚಿ ಕೊಟ್ಟು ಕೂರಿಸಿದರು. 

ಇತ್ತ ಸೊಸೈಟಿಯ ಸಭೆಯಲ್ಲಿ ಜೋಗಳೇಕರ್ ಕಾಕಾ, ಕಟ್ಟಡ ಪರೀಕ್ಷೆಗೆ ಎಂಜಿನಿಯರನ್ನು ಕರೆಸುವ ಹಳೆಯ ವಿಷಯವನ್ನು ಕೈಬಿಡೋಣವೆಂದರು. ಇಡೀ ಕಟ್ಟಡ ಹಸಿರಿರುವಾಗ ಎಂಜಿನಿಯರ್ ಬಂದು ನೋಡುವುದೇನಿದೆ? ಸೈದಪ್ಪ, "ಖರೇ ಐತ್ರಿ" ಎಂದ. ಮೋಹನದಾಸರು ರಿಸ್ಕ್ ಆಫೀಸರರಿಗೆ ಒಪ್ಪುವಂತೆ ಗಂಭೀರವಾಗಿ ಕೈಯೆತ್ತಿ ಅನುಮೋದಿಸಿದರು.

ದಾಮ್ಲೆ ಸಾಹೇಬರು ಬರುವ ದಿನ ಕೆಳಗಿನ ಪಾರ್ಕಿಂಗಿನಲ್ಲಿ ಬಿಳಿ ಬೆಡ್‌ಶೀಟ್ ಕಟ್ಟಿ ಪ್ರೊಜೆಕ್ಟರ್ ಇಟ್ಟರು. ಅತಿಥಿಗಳಿಗೆ ಗೋಳಿಬಜೆ ಮಾಡುವುದಾಗಿ ರತ್ನಾವತಿ ಒಪ್ಪಿದ್ದರು. ಅಂದು ಬೆಳಿಗ್ಗೆ ಅವರು ತೆಂಗಿನಕಾಯಿ ಚಟ್ನಿ ರುಬ್ಬಿ ಪಾತ್ರೆಗೆ ತೆಗೆದದ್ದೇ ತಡ, ಮೇಲಿನಿಂದ ಲಿಂಬೆಹಣ್ಣಿನಷ್ಟು ದೊಡ್ಡ ಗಾರೆಯ ಉಂಡೆ ಪಟಕ್ಕನೆ ಚಟ್ನಿಯೊಳಗೆ ಬಿತ್ತು. ರತ್ನಾವತಿ ಅದನ್ನು ಎತ್ತಿ ಎಸೆದು, ಬಿಡ್ತು ಎಂದು ಗೊಣಗಿ, ಬೇರೆ ಕಾಯಿ ಒಡೆದರು. ಮೋಹನದಾಸರು ಲ್ಯಾಪ್‌ಟಾಪ್ ತೆರೆದು ನೋಡಿದರು. ಅಡುಗೆಮನೆ ಹಸಿರಾಗಿಯೇ ಇತ್ತು. ತಾರಸಿ ನೋಡಿದರು. ಮತ್ತೆ ಪರದೆ ನೋಡಿದರು. ಯಾವುದನ್ನು ನಂಬಬೇಕೆಂದು ಅವರಿಗೆ ಮೊದಲ ಬಾರಿಗೆ ಗೊಂದಲವಾಯಿತು. ಆದರೆ ಕೆಳಗಿನಿಂದ ಕರೆ ಬಂತು. ಟೈ ಸರಿಮಾಡಿಕೊಂಡು ಇಳಿದರು.

ದಾಮ್ಲೆ ಸಾಹೇಬರು ಬೆಡ್‌ಶೀಟಿನ ಮೇಲೆ ಮೂಡಿದ ಗಿರಿಜಾಕೃಪಾವನ್ನು ನೋಡಿ ಬೆರಗಾದರು. ತಳದಿಂದ ತುದಿಯವರೆಗೆ ಹಸಿರು. "ಏಕ್‌ದಂ ಗ್ರೀನ್! ಕಲ್ಯಾಣದಿಂದ ಠಾಣೆವರೆಗೆ ಇಂಥ ಬಿಲ್ಡಿಂಗ್ ನಾನು ನೋಡಿಲ್ಲ" ಎಂದು ಹಿಂದಿಯಲ್ಲಿ ಹೊಗಳಿದರು. ಎಲ್ಲ ಸೊಸೈಟಿಗಳಿಗೂ ಇದನ್ನು ಹಾಕಿಸೋಣವೆಂದರು. ಸೌಜನ್ಯ ಮೇಡಂ ಮೋಹನದಾಸರ ಕಡೆ ಬಾಗಿ, "ನಾಳೆಯೇ ನಿಮ್ಮ ಆರ್ಡರ್ ಮಾಡಿಸ್ತೇನೆ" ಎಂದು ಪಿಸುಗುಟ್ಟಿದರು. ಮೋಹನದಾಸರ ಕಣ್ಣಿಗೆ ಹೊಳ್ಳರು, ಜೋಗಳೇಕರ್ ಕಾಕಾ, ಕಟ್ಟಿದ ಬೆಡ್‌ಶೀಟು ಎಲ್ಲವೂ ಸುಂದರವಾಗಿ ಕಂಡವು.

ಅಷ್ಟರಲ್ಲಿ ದಾಮ್ಲೆ ಸಾಹೇಬರು ಸುಮ್ಮನೆ ಕುತೂಹಲಕ್ಕೆ ಒಂದು ಚೌಕ ತೆರೆಸಿದರು. ಅಡುಗೆಮನೆಯ ತಾರಸಿ, ಮೂರನೆಯ ಮಾಳಿಗೆ, ಶೆಟ್ಟಿಗಾರ್.

"ಇದು ನಿಮ್ಮದೇ ಮನೆ ಅಲ್ವಾ? ರಿಪೇರಿ ಆಗಿದೆ ತಾನೇ?"

ಹೌದು ಎಂದರೆ ಮುಗಿಯುತ್ತಿತ್ತು. ಮೋಹನದಾಸರು ಬಾಯಿ ತೆರೆದರು. ಆಗಲೇ ದಿಶಾ ಬಿಸಿ ಗೋಳಿಬಜೆಯ ತಟ್ಟೆ ಹಿಡಿದು ಬಂದು, "ಪಪ್ಪಾ, ಮಮ್ಮಿ ಔರ್ ಬನಾ ರಹೀ ಹೈ. ಕಿಚನ್ ಸೇ ಹಿಲ್‌ನೇ ಕೋ ತಯಾರ್ ನಹೀಂ" ಎಂದಳು.

ತಟ್ಟೆಯಿಂದ ಹಬೆ ಏಳುತ್ತಿತ್ತು. ಅಡುಗೆಮನೆ ಬಿಟ್ಟು ಕದಲದ ರತ್ನಾವತಿ ಈ ಗಳಿಗೆ ಎಲ್ಲಿ ನಿಂತಿದ್ದಾಳೆ, ಅವಳ ತಲೆಯ ಮೇಲೆ ಏನಿದೆ ಎಂಬುದನ್ನು ಮೋಹನದಾಸರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರಿಗೆ ವಿಪರೀತ ಹೆದರಿಕೆಯಾಯಿತು.

"ಆಗಲಿಲ್ಲ. ಅದು ಬೀಳ್ತದೆ" ಎಂದರು.

"ಬಿಡ್ತು ಅನ್ನಿ!" ಎಂದು ಹೊಳ್ಳರು ಹಾರಿಬಿದ್ದರು.

"ಬಿಡ್ತು ಅನ್ನಿ ಶೆಟ್ಟಿಗಾರ್ರೆ, ಎಂತ ಮಾತಾಡ್ತೀರಿ!" ಎಂದು ಸುಗುಣಮ್ಮ.

"ಬಿಡ್ತು ಅನ್ರಿ ಸಾಹೇಬ್ರ, ಬಿಡ್ತು ಅನ್ರಿ!" ಎಂದು ಶರಣಬಸಮ್ಮ. ಜೋಗಳೇಕರ್ ಕಾಕಾ ಮರಾಠಿಯಲ್ಲಿ ವಾಸ್ತುದೇವರ ಕ್ಷಮೆ ಕೇಳತೊಡಗಿದರು. ಸೌಜನ್ಯ ಮೇಡಂ ಅವರ ತುಟಿ ಕೂಡ ತಾನಾಗಿ ಅಲುಗಿತು. ಕೌಶಲ್ ಗಾಬರಿಯಲ್ಲಿ ಬಟನ್ನನ್ನೇ ಮತ್ತೆ ಒತ್ತಿದ. ಟಿಂಗ್.

"ಅನ್ನುವುದಿಲ್ಲ" ಎಂದರು ಮೋಹನದಾಸರು. ಹುಟ್ಟಿದಾಗಿನಿಂದ ಅವರು ಆಡಿದ ಅತಿ ದೊಡ್ಡ ಉದ್ಧಟ ಮಾತು ಅದು. "ಅಂದು ಅಂದು ಸಾಕಾಯ್ತು. ಅದು ಬೀಳ್ತದೆ. ಅದರ ಕೆಳಗೆ ನನ್ನ ಹೆಂಡತಿ ಇದ್ದಾಳೆ." ಆಮೇಲೆ, ಹೇಳುತ್ತಿರುವಾಗ ಇದೂ ಹೋಗಲಿ ಎಂಬಂತೆ, "ನನಗೆ ಎಕ್ಸ್‌ಟೆನ್ಷನ್ನೂ ಆಗ್ಲಿಲ್ಲ" ಎಂದು ಸೇರಿಸಿ ಮೆಟ್ಟಿಲು ಹತ್ತಿ ಓಡಿದರು. ಐವತ್ತೆಂಟರ ಅಂಚಿನ ಮನುಷ್ಯ ಲಿಫ್ಟಿಗೆ ಕಾಯದೆ ಓಡಿದ್ದನ್ನು ಕಂಡು ಸಭೆಯೇ ಹಿಂದೆ ಓಡಿತು.

"ರತ್ನಾ, ಹೊರಗೆ ಬಾ!"

"ಎಣ್ಣೆ ಕಾದಿದೆ."

"ಸ್ಟವ್ ಬಂದ್ ಮಾಡಿ ಬಾ!"

"ಹಿಟ್ಟು ಇನ್ನೂ ಇಷ್ಟು ಉಳಿದಿದೆ ಮಾರಾಯ್ರೆ! ನಿಮ್ಮ ಸಾಹೇಬರಿಗೆ ಒಂದೊಂದು ಬಜೆ ಕೊಟ್ಟು ಕಳಿಸುವುದಾ?"

ಮೋಹನದಾಸರು ತಾವೇ ಸ್ಟವ್ ಆರಿಸಿ, ಹಿಟ್ಟು ಮೆತ್ತಿದ ಆ ಕೈಯನ್ನು ಹಿಡಿದು ಹಾಲ್‌ಗೆ ಎಳೆದು ತಂದರು. ಮದುವೆಯ ದಿನ ಬಿಟ್ಟರೆ ನಾಲ್ಕು ಜನರೆದುರು ಅವರು ಹೆಂಡತಿಯ ಕೈ ಹಿಡಿದದ್ದು ಅದೇ ಮೊದಲು.

ಸೈದಪ್ಪ ಪೊರಕೆಯ ಹಿಡಿಯಿಂದ ತಾರಸಿಯನ್ನು ಕುಟ್ಟಿದ. ಡೊಳ್ಳಿನಂಥ ಸದ್ದು ಬಂತು. ಅವನ ಮುಖ ಇಳಿಯಿತು. "ಒಳಗ ಎಲ್ಲಾ ಟೊಳ್ಳಾಗೈತ್ರಿ" ಎಂದು, ಪೊರಕೆ ಕೆಳಗಿಟ್ಟು, "ನಂ ಮನ್ಯಾಗೂ ಹಿಂಗಾ ಐತಿ" ಎಂದ.

"ಎಲ್ಲಿ? ನಂಗ ಹೇಳೇ ಇಲ್ಲ!" ಎಂದಳು ಶರಣಬಸಮ್ಮ.

"ಮಂಚದ ಮ್ಯಾಲ. ಅದಕ್ಕ ನಿನಗ ಆ ಕಡೆ ಮಲಕ್ಕೋ ಅಂದಿದ್ದೆ."

ಆ ಮೇಲೆ ಸುಗುಣಮ್ಮ ತಮ್ಮ ಬಚ್ಚಲಿನ ಗೋಡೆಯ ಬಗ್ಗೆ ಬಾಯಿಬಿಟ್ಟರು. ಹೊಳ್ಳರು ಬಾಲ್ಕನಿಯ ಬಗ್ಗೆ. ಜೋಗಳೇಕರ್ ಕಾಕಾ ತಲೆ ಬಗ್ಗಿಸಿ, ಟೆರೇಸಿನ ಟ್ಯಾಂಕಿಯನ್ನು ಹೋದ ವರ್ಷವೇ ಹಗ್ಗ ಹಾಕಿ ಕಟ್ಟಿರುವುದಾಗಿ ಒಪ್ಪಿಕೊಂಡರು. ದಾಮ್ಲೆ ಸಾಹೇಬರು ಮೇಲೊಮ್ಮೆ ನೋಡಿ ಹೊಸ್ತಿಲಿನ ಆಚೆ ಸರಿದು ನಿಂತರು. "ಮೇಡಂ, ನಿಮ್ಮ ಬಟನ್ ಸುಳ್ಳು ಹೇಳುತ್ತದೆ" ಎಂದು ಅಲ್ಲಿಂದಲೇ ಹೇಳಿ ಮೆಟ್ಟಿಲಿಳಿದರು. ಗೋಳಿಬಜೆಯ ತಟ್ಟೆ ಹಾಗೇ ಉಳಿಯಿತು.

ಮರುದಿನ ಆಫೀಸಿನಲ್ಲಿ ಸೌಜನ್ಯ ಮೇಡಂ ಕೌಶಲ್‌ನನ್ನು ನಿಲ್ಲಿಸಿ ಕೇಳಿದರು. "ಸೊನ್ನೆ ಯಾಕೆ ಹಾಕಿದೆ?" ಅವನು "ಅಂಕಲ್ ನೇ ಬೋಲಾ" ಎಂದ. ಅಂಕಲ್ ನೆಲ ನೋಡಿದರು. ಬಟನ್ನನ್ನು ಕಿತ್ತುಹಾಕಲಿಲ್ಲ, ಜನ ಬರೆದದ್ದು ಅದರ ದೆಸೆಯಿಂದಲೇ ಎಂದು ಮೇಡಂಗೂ ಗೊತ್ತಿತ್ತು. ಒತ್ತಿದರೆ ಟಿಂಗ್ ಎನ್ನಲಿ, ಕೆಂಪು ಮಾತ್ರ ರಿಪೇರಿ ಆಗುವವರೆಗೆ ಕೆಂಪಾಗಿಯೇ ಇರಲಿ ಎಂದು ತಿದ್ದಿಸಿದರು. ಆಮೇಲೆ ಮೋಹನದಾಸರನ್ನು ಕೂರಿಸಿ, "ನೀವು ಹೇಳಿದ್ದು ಸರಿ. ಆದ್ರೆ ದಾಮ್ಲೆ ಹೋದ್ರು. ನಿಮ್ಮದು ಇನ್ನು ನನ್ನ ಕೈಯಲ್ಲಿಲ್ಲ. ನಂಗೆ ನಿಜವಾಗಿ ಬೇಜಾರಾಗ್ತದೆ" ಎಂದರು. ಮಾರ್ಚ್ ಕೊನೆಗೆ ಮೋಹನದಾಸರು ಶಾಲು ಹೊದ್ದು ಮನೆಗೆ ಬಂದರು. ಕಟ್ಟಡದಲ್ಲಿ ಯಾರೂ ಎಕ್ಸ್‌ಟೆನ್ಷನ್ ಮಾತೆತ್ತಲಿಲ್ಲ. ಎಂಜಿನಿಯರ್ ಬಂದು ನೋಡಿ ಹೋಗಿದ್ದ. ರಿಪೇರಿಗೆ ಪಟ್ಟಿ ದೊಡ್ಡದಿತ್ತು, ಸರದಿ ಬರಬೇಕಿತ್ತು. ಅಲ್ಲಿಯವರೆಗೆ ಸೈದಪ್ಪ ಅವರ ಅಡುಗೆಮನೆಯ ತಾರಸಿಗೆ ಕಬ್ಬಿಣದ ಊರುಗೋಲುಗಳನ್ನು ನಿಲ್ಲಿಸಿದ. ಕಾಲಿಡಲು ಜಾಗವಿಲ್ಲದೆ ರತ್ನಾವತಿ ಒಲೆಯನ್ನು ಹಾಲ್‌ಗೆ ತಂದು, ದಿನವೂ ಗಂಡನನ್ನು ಬೈಯುತ್ತ ಅಲ್ಲೇ ಬೇಯಿಸಿದರು.

ಯುಗಾದಿ ಕಳೆದು ಕೆಲವು ದಿನಗಳಾಗಿತ್ತು. ಮಧ್ಯಾಹ್ನದ ಹೊತ್ತು. ರತ್ನಾವತಿ ಹಾಲ್‌ನ ಮೂಲೆಯಲ್ಲಿ ಕೂತು ಬೆಂಡೆಕಾಯಿ ಹೆಚ್ಚುತ್ತಿದ್ದರು. ಮೋಹನದಾಸರು ಪೇಪರು ಓದುತ್ತಿದ್ದರು. ಒಳಗಿನಿಂದ ಧಡಾರೆಂದು ಸದ್ದಾಯಿತು. ಇಡೀ ಮನೆ ನಡುಗಿ, ಬಾಗಿಲಿನಿಂದ ಬಿಳಿ ದೂಳು ಹಾಲ್‌ಗೆ ನುಗ್ಗಿತು.

ದೂಳು ಅಡಗಿದ ಮೇಲೆ ಇಬ್ಬರೂ ಹೋಗಿ ಬಾಗಿಲಲ್ಲಿ ನಿಂತರು. ಊರುಗೋಲುಗಳು ನಿಂತಿದ್ದವು. ಅವುಗಳ ನಡುವೆ, ಕಿಟಕಿಯ ಬೆಳಕು ಬೀಳುವ ಜಾಗದಲ್ಲಿ, ಎರಡಾಳು ಎತ್ತಲಾಗದಷ್ಟು ದೊಡ್ಡ ಗಾರೆಯ ಚಪ್ಪಡಿ ಬಿದ್ದು ನೆಲದ ಟೈಲ್ಸು ಪುಡಿಯಾಗಿತ್ತು. ಹೊಳ್ಳರು, ಸುಗುಣಮ್ಮ, ಕೆಳಗಿನಿಂದ ಶರಣಬಸಮ್ಮ ಎಲ್ಲರೂ ಓಡಿ ಬಂದು ಹಿಂದೆ ನಿಂತರು.

ರತ್ನಾವತಿ ತಲೆಯೆತ್ತಿ ತಾರಸಿ ನೋಡಿದರು. ಆಮೇಲೆ ಗಂಡನ ಕಡೆ ತಿರುಗಿ, "ನೋಡಿದ್ರಾ? ನೀವು ಹೇಳಿದ್ದಕ್ಕೇ ಬಿದ್ದದ್ದು" ಎಂದರು.

"ಮತ್ತೆ? ಎಲ್ಲರೂ ಬಡಕೊಂಡೆವು, ಬಿಡ್ತು ಅನ್ನಿ ಅಂತ" ಎಂದರು ಸುಗುಣಮ್ಮ. ಶರಣಬಸಮ್ಮನೂ ತಲೆಯಾಡಿಸಿದಳು. ಹೊಳ್ಳರೂ ಆಡಿಸಿದರು. ಈ ಬಗ್ಗೆ ಕಟ್ಟಡದಲ್ಲಿ ಭಿನ್ನಾಭಿಪ್ರಾಯವೇ ಇರಲಿಲ್ಲ.

ಮೋಹನದಾಸರು ಪುಡಿಯಾದ ನೆಲವನ್ನು ನೋಡುತ್ತಿದ್ದರು. "ಹೇಳದೇ ಇದ್ದಿದ್ರೆ ನೀನು ಅದರ ಕೆಳಗೆ ಇರ್ತಿದ್ದೆ" ಎಂದರು.

"ಬಿಡ್ತು ಅನ್ನಿ!" ಎಂದರು ರತ್ನಾವತಿ.

"ಬಿಡ್ತು" ಎಂದರು ಮೋಹನದಾಸರು, ಅರೆಗಳಿಗೆಯೂ ತಡಮಾಡದೆ. ಸಾಲದೆಂದು ತೋರಿ ಇನ್ನೊಮ್ಮೆ ಅಂದರು.